ಲ್ಯಾಪ್‌ಟಾಪ್ ಕಾಯುತ್ತಿದೆ ಅಂತ ಮದರ್‌ಬೋರ್ಡ್ ಬದಲಿಸಬೇಕಾ?

ಯುಗಾದಿ ಮುಗಿದ ಮೇಲೆ ಶುರುವಾಗುವ ಪತ್ರಗಳಿವು. ಮಳೆ ಬೀಳುವ ತನಕ ನಿಲ್ಲುವುದಿಲ್ಲ. ‘ಲ್ಯಾಪ್‌ಟಾಪ್ ಕಾದ ಹಂಚಿನ ಹಾಗೆ ಆಗುತ್ತೆ, ಏನು ಮಾಡಲಿ?’ ಹದಿನೆಂಟು ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೇನೆ. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ. ಇದೇ ಕಾರಣ ಹೇಳಿ ಜನರ ಕೈಯಿಂದ ದುಡ್ಡು ಕೀಳುವುದನ್ನೂ ಪ್ರತಿ ಬೇಸಿಗೆಯಲ್ಲಿ ನೋಡುತ್ತೇನೆ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಹಾಸಿಗೆ ಮೇಲೆ ಇಟ್ಟುಕೊಂಡು ಕೆಲಸ ಮಾಡಬೇಡಿ ಅನ್ನುವುದನ್ನು ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನಾವಿರೋದು ರಾಯಚೂರಿನಲ್ಲಿ. ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಲ್ಯಾಪ್‌ಟಾಪ್‌ಗೆ ಮೂರು ವರ್ಷ. ಪ್ರಾಜೆಕ್ಟ್ ಕೆಲಸ ಶುರು ಮಾಡಿದ ಹತ್ತು ನಿಮಿಷಕ್ಕೆ ಕೀಬೋರ್ಡ್ ಮುಟ್ಟೋಕಾಗಲ್ಲ, ಆಮೇಲೆ ತುಂಬಾ ನಿಧಾನ ಆಗುತ್ತೆ. ಎರಡು ಸಲ ತಾನಾಗೇ ಆಫ್ ಆಯ್ತು. ಸರ್ವಿಸ್ ಮಾಡಿಸಿದೆ, ಪೇಸ್ಟ್ ಹೊಸದು ಹಾಕಿದ್ದೇವೆ ಅಂದರು. ಕೂಲಿಂಗ್ ಪ್ಯಾಡ್ ತಂದೆ. ಈಗ ಮದರ್‌ಬೋರ್ಡ್ ಹೋಗಿದೆ, 16 ಸಾವಿರ ಆಗುತ್ತೆ ಅಂತಿದ್ದಾರೆ. ಹಾಕಿಸಲಾ, ಹೊಸ ಲ್ಯಾಪ್‌ಟಾಪೇ ತಗೊಳ್ಳಲಾ?

ಸದ್ಯಕ್ಕೆ ಎರಡೂ ಬೇಡ. ಬಿಸಿಯಾಗುತ್ತದೆ, ನಿಧಾನವಾಗುತ್ತದೆ, ಆಫ್ ಆಗುತ್ತದೆ ಅಂದಾಕ್ಷಣ ಮದರ್‌ಬೋರ್ಡ್ ಹೋಗಿದೆ ಅಂತ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮದರ್‌ಬೋರ್ಡ್ ಮೇಲೆ ಕೂತಿರುವ ಮುಖ್ಯ ಚಿಪ್ಪೇ ಪ್ರೊಸೆಸರ್. ಅದು ತನ್ನ ಬಿಸಿಯನ್ನು ತಾನೇ ಅಳೆದುಕೊಳ್ಳುತ್ತಿರುತ್ತದೆ. ಬಹುಪಾಲು ಪ್ರೊಸೆಸರ್‌ಗಳಿಗೆ 95ರಿಂದ 105 ಡಿಗ್ರಿ ಸೆಲ್ಸಿಯಸ್ ಒಳಗೆ ಒಂದು ಗಡಿ ಇರುತ್ತದೆ. ಅದನ್ನು ಮುಟ್ಟಿದ ಕೂಡಲೇ ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೂ ಬಿಸಿ ಇಳಿಯದಿದ್ದರೆ, ಸುಟ್ಟುಹೋಗುವ ಮೊದಲೇ ಆಫ್ ಆಗುತ್ತದೆ. ನಿಮ್ಮ ಮಗಳ ಲ್ಯಾಪ್‌ಟಾಪ್‌ನಲ್ಲಿ ಆಗುತ್ತಿರುವುದು ಇದೇ ಅಂತ ಕಾಣುತ್ತದೆ. ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವ ಬೋರ್ಡನ್ನು ಕಿತ್ತು ಹಾಕುವುದು ಯಾಕೆ?

ಬಿಸಿ ಹೊರಗೆ ಹೋಗಲು ಒಂದು ದಾರಿ ಇದೆ. ಪ್ರೊಸೆಸರ್ ಮೇಲೆ ಬಿಸಿ ದಾಟಿಸುವ ಪೇಸ್ಟ್, ಅದರ ಮೇಲೆ ತಾಮ್ರದ ತಗಡು. ಅಲ್ಲಿಂದ ಚಪ್ಪಟೆ ತಾಮ್ರದ ಪೈಪ್ ಹೊರಡುತ್ತದೆ. ಪೈಪಿನೊಳಗೆ ಒಂದು ಚೂರು ನೀರಿರುತ್ತದೆ. ಬಿಸಿ ಕಡೆ ಅದು ಆವಿಯಾಗುತ್ತದೆ, ತಣ್ಣಗಿನ ತುದಿಯಲ್ಲಿ ಮತ್ತೆ ನೀರಾಗಿ ವಾಪಸ್ ಬರುತ್ತದೆ. ಆ ತುದಿಯಲ್ಲಿ ಬಾಚಣಿಗೆ ಹಲ್ಲಿನಂಥ ತೆಳು ತಗಡುಗಳ ಸಾಲು. ಫ್ಯಾನ್ ಅದರ ಮೂಲಕ ಗಾಳಿ ತಳ್ಳುತ್ತದೆ. ಈ ದಾರಿಯಲ್ಲಿ ತಡೆ ಎಲ್ಲಿದೆ ಅಂತ ಮೊದಲು ಹುಡುಕಬೇಕು.

ಅದನ್ನು ಮನೆಯಲ್ಲೇ ಹುಡುಕಬಹುದು. ವಿಂಡೋಸ್ ಆದರೆ ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ, ಪ್ರೊಸೆಸರ್ ಎಷ್ಟು ಡಿಗ್ರಿ ಇದೆ ಅಂತ ತೋರಿಸುತ್ತದೆ. ಭಾರದ ಕೆಲಸ ಶುರು ಮಾಡಿ, ನಂಬರ್ ನೋಡುತ್ತಾ ಕೂತುಕೊಳ್ಳಿ. ಗಾಳಿ ಬರುವ ಕಿಂಡಿಯ ಹತ್ತಿರ ಕೈ ಹಿಡಿಯಿರಿ. ಫ್ಯಾನ್ ಜೋರಾಗಿ ಕೂಗುತ್ತಿದೆ, ಕೈಗೆ ಮಾತ್ರ ಗಾಳಿ ತಾಗುತ್ತಿಲ್ಲ, ನಂಬರ್ ನಿಧಾನವಾಗಿ ಐದು ಹತ್ತು ನಿಮಿಷದಲ್ಲಿ ಏರಿ ಮೇಲೆ ನಿಂತುಬಿಡುತ್ತದೆ ಅಂದರೆ ಗಾಳಿಯ ದಾರಿ ಕಟ್ಟಿದೆ. ಗಾಳಿ ಚೆನ್ನಾಗಿ ಬರುತ್ತಿದೆ ಆದರೆ ತಣ್ಣಗಿದೆ, ನಂಬರ್ ಮಾತ್ರ ಕೆಲವೇ ಸೆಕೆಂಡಿನಲ್ಲಿ 95ಕ್ಕೆ ಹಾರಿ ಇಳಿಯುವುದೇ ಇಲ್ಲ ಅಂದರೆ ಬಿಸಿ ಫ್ಯಾನ್‌ವರೆಗೆ ಬರುತ್ತಲೇ ಇಲ್ಲ. ಪೇಸ್ಟ್ ಒಣಗಿದೆ, ಸ್ಕ್ರೂ ಸರಿಯಾಗಿ ಕೂತಿಲ್ಲ, ಇಲ್ಲವೇ ಪೈಪ್ ಕೆಟ್ಟಿದೆ. ಗಾಳಿಯೂ ಜೋರು, ಸುಡುವಷ್ಟು ಬಿಸಿಯೂ ಇದೆ ಅಂದರೆ ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಇನ್ನೊಂದು ಮಾತು. ಈಗಿನ ತೆಳು ಲ್ಯಾಪ್‌ಟಾಪ್‌ಗಳು ಸ್ವಲ್ಪ ಹೊತ್ತು 90 ದಾಟಿ ಮತ್ತೆ ಇಳಿಯುವುದು ಮಾಮೂಲು. ಅದಕ್ಕೆ ಗಾಬರಿ ಬೇಡ.

ಹತ್ತು ನಿಮಿಷದ ಮೇಲೆ ಕಾಯುತ್ತದೆ ಅಂತ ನೀವೇ ಬರೆದಿದ್ದೀರಿ. ನನ್ನ ಅನುಮಾನ ಗಾಳಿಯ ದಾರಿಯ ಮೇಲೆ.

ಪೇಸ್ಟ್ ಹೊಸದು ಹಾಕಿದ ಮೇಲೂ ಅದು ಹೇಗೆ ಕಟ್ಟಿರುತ್ತದೆ ಅಂತ ಕೇಳಬಹುದು. ಹೋದ ಬೇಸಿಗೆಯಲ್ಲಿ ಒಂದು ಲ್ಯಾಪ್‌ಟಾಪ್ ಬಂತು. ಮೂರು ಕಡೆ ಸರ್ವಿಸ್ ಆಗಿತ್ತು. ತಳದ ಮುಚ್ಚಳ ತೆಗೆದರೆ ಎಲ್ಲ ಚೊಕ್ಕಟ. ಪೇಸ್ಟ್ ಹೊಸದು, ಫ್ಯಾನಿನ ರೆಕ್ಕೆಗಳು ಹೊಳೆಯುತ್ತಿದ್ದವು. ಫ್ಯಾನಿನ ಮೇಲಿನ ತೆಳು ತಗಡನ್ನು ಯಾರೂ ಬಿಚ್ಚಿರಲಿಲ್ಲ. ಬಿಚ್ಚಿದೆ. ರೆಕ್ಕೆಗೂ ಆ ಬಾಚಣಿಗೆ ಸಾಲಿಗೂ ನಡುವೆ ಬೂದು ಬಣ್ಣದ ಪಟ್ಟಿ, ಜೀನ್ಸ್ ಜೇಬಿನ ಮೂಲೆಯಲ್ಲಿ ಗಟ್ಟಿಯಾದ ನಾರಿನ ಹಾಗೆ. ಚಿಮುಟದಲ್ಲಿ ಒಂದು ತುದಿ ಹಿಡಿದು ಎಳೆದೆ. ಕಂಬಳಿ ತುಂಡಿನ ಹಾಗೆ ಇಡಿಯಾಗಿ ಎದ್ದು ಬಂತು. ಅದರಲ್ಲಿ ಉದ್ದನೆ ಕೂದಲು, ಬಟ್ಟೆಯ ಎಳೆ, ಬೆರಳಿಗೆ ಅಂಟುವ ಜಿಡ್ಡು. ಅವರ ಓದುವ ಮೇಜು ಅಡುಗೆಮನೆ ಬಾಗಿಲಲ್ಲೇ ಇತ್ತಂತೆ. ಒಗ್ಗರಣೆ ಹೊಗೆಯ ಜಿಡ್ಡಿಗೆ ಧೂಳು ಅಂಟಿದರೆ ಬ್ಲೋವರ್‌ಗೂ ಜಗ್ಗುವುದಿಲ್ಲ. ಹೊರಗಿನಿಂದ ಊದಿದವರು ಅದನ್ನು ಇನ್ನಷ್ಟು ಗಟ್ಟಿ ಮಾಡಿದ್ದರು. ಅಷ್ಟು ತೆಗೆದು, ಅದೇ ಕೋಣೆಯಲ್ಲಿ ಅದೇ ಕೆಲಸ ಹಚ್ಚಿದೆ. ಮೊದಲು 97ರಲ್ಲಿ ನಿಲ್ಲುತ್ತಿದ್ದದ್ದು 79ಕ್ಕೆ ನಿಂತಿತು.

ಹಾಗಾಗಿ ಮತ್ತೆ ಅಂಗಡಿಗೆ ಹೋದಾಗ ಅಲ್ಲೇ ನಿಲ್ಲಿ. ಬಿಟ್ಟು ಬರಬೇಡಿ. ‘ಫ್ಯಾನಿನ ಮುಚ್ಚಳ ತೆಗೆದು ತೋರಿಸಿ’ ಅನ್ನಿ. ಬಾಚಣಿಗೆ ಸಾಲನ್ನು ಬೆಳಕಿಗೆ ಹಿಡಿದರೆ ಆಚೆ ಬೆಳಕು ಕಾಣಬೇಕು. ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಲಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಕಡ್ಡಿ ಕೊಟ್ಟು ಹಿಡಿಯಲಿ. ಸುಮ್ನೆ ಬಿಟ್ಟರೆ ಅತಿಯಾದ ವೇಗಕ್ಕೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ತಾಮ್ರದ ತಗಡು ಒಮ್ಮೆ ಎತ್ತಿದರೆ ಹಳೆ ಪೇಸ್ಟ್ ಪೂರ್ತಿ ಒರೆಸಿ ಹೊಸದು ಹಾಕಲೇಬೇಕು. ಸ್ಕ್ರೂಗಳ ಪಕ್ಕ 1, 2, 3, 4 ಅಂತ ನಂಬರ್ ಅಚ್ಚಾಗಿರುತ್ತದೆ. ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದು ಕಡೆ ಪೂರ್ತಿ ಬಿಗಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಮೆತ್ತನೆ ರಬ್ಬರಿನಂಥ ಥರ್ಮಲ್ ಪ್ಯಾಡ್ ಇದ್ದ ಜಾಗಕ್ಕೆ ಪೇಸ್ಟ್ ಬಳಿಯಬಾರದು. ಅಲ್ಲಿ ಅದೇ ದಪ್ಪದ ಪ್ಯಾಡೇ ಬೇಕು. ಇದೆಲ್ಲ ಸೇರಿ ಒಂದು ಗಂಟೆಯ ಕೆಲಸ, 16 ಸಾವಿರದ ಕೆಲಸವಲ್ಲ.

ಕೆಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಇರುತ್ತದೆ. ಅಂಥದ್ದನ್ನು ಮನೆಯಲ್ಲಿ ಬಿಚ್ಚಬೇಡಿ, ಬೀದಿ ಅಂಗಡಿಯಲ್ಲೂ ಬಿಚ್ಚಿಸಬೇಡಿ. ಅದರಲ್ಲಿ ಕರೆಂಟ್ ಹರಿಯುತ್ತದೆ. ಒಂದು ಹನಿ ಪಕ್ಕಕ್ಕೆ ಜಾರಿದರೆ ಆಗ ನಿಜವಾಗಿಯೂ ಮದರ್‌ಬೋರ್ಡ್ ಹೋಗುತ್ತದೆ.

ನಿಮ್ಮೂರಿನ ಬಿಸಿಲಿನ ವಿಷಯ ಬೇರೆಯೇ ಇದೆ. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಕೋಣೆ 25 ಇದ್ದಾಗ 80ರಲ್ಲಿ ನಡೆಯುವ ಕೆಲಸ, ಕೋಣೆ 40 ಆದಾಗ 95ಕ್ಕೆ ಮುಟ್ಟುತ್ತದೆ. ಎಷ್ಟೇ ಸ್ವಚ್ಛ ಮಾಡಿದರೂ ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಮಧ್ಯಾಹ್ನ ಕಷ್ಟವೇ. ಭಾರದ ಕೆಲಸವನ್ನು ಮಗಳು ಬೆಳಿಗ್ಗೆ ಬೇಗ ಮುಗಿಸಲಿ. ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅಂತ ಇದ್ದರೆ 100 ಇರುವುದನ್ನು 99 ಮಾಡಿ. ಸಾಮಾನ್ಯವಾಗಿ ಟರ್ಬೊ, ಅಂದರೆ ಪ್ರೊಸೆಸರ್ ಆಗಾಗ ಮಾಮೂಲಿಗಿಂತ ವೇಗ ಏರಿಸಿಕೊಳ್ಳುವುದು, ನಿಲ್ಲುತ್ತದೆ. ವೇಗ ಸ್ವಲ್ಪ ಕಮ್ಮಿಯಾಗುತ್ತದೆ, ಬಿಸಿ ಚೆನ್ನಾಗಿಯೇ ಇಳಿಯುತ್ತದೆ. ನಾನು ಬೇಸಿಗೆಯಲ್ಲಿ ನನ್ನ ಲ್ಯಾಪ್‌ಟಾಪನ್ನು ಹೀಗೇ ಇಡುತ್ತೇನೆ. ಕೂಲಿಂಗ್ ಪ್ಯಾಡ್ ಎಸೆಯಬೇಡಿ. ತಳದಲ್ಲಿ ಗಾಳಿ ಕಿಂಡಿ ಇದ್ದರೆ ಅದು ಒಂದಿಷ್ಟು ಉಪಯೋಗಕ್ಕೆ ಬರುತ್ತದೆ. ಹಿಂಬದಿಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿದರೂ ಗಾಳಿ ಆಡುತ್ತದೆ. ಆದರೆ ಒಳಗೆ ಕಟ್ಟಿದ ದಾರಿಯನ್ನು ಯಾವ ಪ್ಯಾಡೂ ಬಿಡಿಸುವುದಿಲ್ಲ.

ಇನ್ನು ಬೇರೆಯವರ ಪ್ರಶ್ನೆಗಳು.

ಕಾದ ಲ್ಯಾಪ್‌ಟಾಪನ್ನು ಐದು ನಿಮಿಷ ಫ್ರಿಜ್‌ನಲ್ಲಿ ಇಡಬಹುದಾ?

ಬೇಡ. ತಣ್ಣನೆ ಚೊಂಬಿನ ಮೇಲೆ ನೀರು ಕೂರುವ ಹಾಗೆ ಬೋರ್ಡಿನ ಮೇಲೂ ಕೂರುತ್ತದೆ.

ಪೇಸ್ಟ್ ಬದಲು ಟೂತ್‌ಪೇಸ್ಟ್ ನಡೆಯುತ್ತೆ ಅಂತಾರೆ, ನಿಜವಾ?

ಕೆಲವೇ ದಿನದಲ್ಲಿ ಒಣಗಿ ಪುಡಿಯಾಗುತ್ತದೆ. ಅದನ್ನು ಕೆರೆದು ತೆಗೆದ ಕೈ ಇದು. ದಯವಿಟ್ಟು ಬೇಡ.

ಫ್ಯಾನ್ ಗರಗರ ಅನ್ನುತ್ತೆ. ಕೊಬ್ಬರಿ ಎಣ್ಣೆ ಬಿಡಲಾ?

ಎಣ್ಣೆಗೆ ಧೂಳು ಅಂಟಿ ಇನ್ನೂ ಬೇಗ ಕೂರುತ್ತದೆ. ಹೊಸ ಫ್ಯಾನ್ ಹಾಕಿಸಿ.

ಲ್ಯಾಪ್‌ಟಾಪ್ ತಣ್ಣಗೆ ಮಾಡುವ ಆ್ಯಪ್ ಯಾವುದು ಒಳ್ಳೆಯದು?

ಕಂಡಕಂಡಲ್ಲಿ ಸಿಗುವ ‘ಕೂಲರ್’ ಆ್ಯಪ್‌ಗಳು ಯಾವುವೂ ಬೇಡ. ಹಾಕಿದ್ದರೆ ತೆಗೆಯಿರಿ.

ನನ್ನದು ಎಂ1 ಮ್ಯಾಕ್‌ಬುಕ್ ಏರ್. ಫ್ಯಾನ್ ಸದ್ದೇ ಬರ್ತಿಲ್ಲ, ಕೆಟ್ಟಿದೆಯಾ?

2020ರಲ್ಲಿ ಬಂದ ಆ ಮಾಡೆಲ್‌ನಲ್ಲಿ ಫ್ಯಾನೇ ಇಲ್ಲ. ಮೈಯೇ ಬಿಸಿ ಹೊರಹಾಕುತ್ತದೆ. ಬದಲಿಸಿ ಕೊಡುತ್ತೇನೆ ಅಂದವರ ಅಂಗಡಿಗೆ ಮತ್ತೆ ಹೋಗಬೇಡಿ.

ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದಿದೆ, ಕ್ಲಿಕ್ ಆಗ್ತಿಲ್ಲ, ಮುಚ್ಚಳನೂ ಸರಿಯಾಗಿ ಕೂರಲ್ಲ. ಬಿಸಿ ಇದ್ದೇ ಇದೆ. ಪರೀಕ್ಷೆ ಮುಗಿಯೋವರೆಗೆ ತಳ್ಳಬಹುದಾ?

ತಳ್ಳಬೇಡಿ. ಬ್ಯಾಟರಿ ಉಬ್ಬಿದೆ. ಇದನ್ನು ಓದಿದ ಕೂಡಲೇ ಚಾರ್ಜರ್ ತೆಗೆದು ಶಟ್‌ಡೌನ್ ಮಾಡಿ. ಮತ್ತೆ ಚಾರ್ಜ್ ಮಾಡಬೇಡಿ. ಟಚ್‌ಪ್ಯಾಡ್ ಒತ್ತಿ ಕೂರಿಸಲು ಹೋಗಬೇಡಿ. ಸೂಜಿ ಚುಚ್ಚಿ ಗಾಳಿ ತೆಗೆಯುತ್ತೇನೆ ಅನ್ನುವವರೂ ಇದ್ದಾರೆ. ಅಂಥವರ ಕೈಯಿಂದ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಳ್ಳಿ. ಲಿಥಿಯಂ ಬ್ಯಾಟರಿಗೆ ತೂತಾದರೆ ಬೆಂಕಿ ಹತ್ತುತ್ತದೆ. ಇದು ಸಣ್ಣ ಮಾತಲ್ಲ. ಬೆಂಕಿಯ ಅಪಾಯಕ್ಕೆ ಹೆದರಿ ಡೆಲ್ ಕಂಪನಿ 2006ರಲ್ಲಿ ಸೋನಿ ತಯಾರಿಸಿದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಗ್ರಾಹಕರಿಂದ ವಾಪಸ್ ತರಿಸಿಕೊಂಡಿತ್ತು.

ಅಂಗಡಿಗೆ ಒಯ್ಯುವ ತನಕ ಮಂಚ, ಪರದೆ, ಪುಸ್ತಕದಿಂದ ದೂರ, ಬರೀ ಕಲ್ಲು ಅಥವಾ ಟೈಲ್ಸ್ ನೆಲದ ಮೇಲೆ ಇಡಿ. ಬ್ಯಾಟರಿ ಬಿಚ್ಚಿಸಿದ ಮೇಲೆ ಎಷ್ಟೋ ಲ್ಯಾಪ್‌ಟಾಪ್‌ಗಳು ಬರೀ ಚಾರ್ಜರ್ ಮೇಲೆ ನಡೆಯುತ್ತವೆ. ನಿಮ್ಮದೂ ನಡೆದರೆ ಪರೀಕ್ಷೆಯ ಕೆಲಸ ನಿಲ್ಲುವುದಿಲ್ಲ. ನಡುವೆ ಕರೆಂಟ್ ಹೋದರೆ ಆಫ್ ಆಗುತ್ತದೆ, ಆಗಾಗ ಸೇವ್ ಮಾಡುತ್ತಿರಿ. ಹೊಸ ಬ್ಯಾಟರಿಗೆ ಚಾರ್ಜ್ ಮಿತಿ ಇಡುವ ಸೌಲಭ್ಯ ಇದ್ದರೆ 80 ಪರ್ಸೆಂಟ್‌ಗೆ ಇಡಿ. ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಕೊಡುವಾಗ ಉಬ್ಬಿದೆ ಅಂತ ಬಾಯಿಬಿಟ್ಟು ಹೇಳಿ.