ಒಂದೇ ಕೋಣೆಯಲ್ಲಿ ನಾಲ್ವರು ಸಂಗೀತಗಾರರು: ಪ್ರತಿಯೊಬ್ಬರಿಗೂ ಬೇರೆ ಹೆಡ್‌ಫೋನ್ ಮಿಕ್ಸ್ ಕೊಡಲು ಎಷ್ಟು ಔಟ್‌ಪುಟ್‌ಗಳ ಇಂಟರ್‌ಫೇಸ್ ಬೇಕು?

ಇಂಟರ್‌ಫೇಸ್ ಎಂದರೆ ಮೈಕು, ಹೆಡ್‌ಫೋನ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ; ಮಿಕ್ಸ್ ಎಂದರೆ ಯಾರ ಸದ್ದು ಎಷ್ಟು ಕೇಳಬೇಕೆಂಬ ಹದ. ಬರೀ ಲೆಕ್ಕ ಬೇಕಿದ್ದರೆ ಉತ್ತರ ಸುಲಭ. ಒಂದು ಸ್ಟೀರಿಯೋ ಮಿಕ್ಸ್‌ಗೆ ಎರಡು ಔಟ್‌ಪುಟ್, ನಾಲ್ಕಕ್ಕೆ ಎಂಟು, ಸ್ಪೀಕರ್‌ಗೆ ಇನ್ನೆರಡು. ನಾನೂ ಹೀಗೇ ಲೆಕ್ಕ ಹಾಕಿ ಹತ್ತು ಔಟ್‌ಪುಟ್‌ಗಳ ಪೆಟ್ಟಿಗೆ ತಂದವನು. ತಂದ ವಾರವೇ ಒಬ್ಬ ಒಳ್ಳೆಯ ಗಾಯಕಿಗೆ ‘ನಿಮ್ಮ ಗಂಟಲಿಗೆ ವಿಶ್ರಾಂತಿ ಬೇಕು’ ಎಂದು ಹೇಳಿ ಮನೆಗೆ ಕಳುಹಿಸಿದೆ. ಗಂಟಲಿಗೆ ಏನೂ ಆಗಿರಲಿಲ್ಲ.

ಅದಕ್ಕೂ ಮೊದಲು ನನ್ನ ಬಳಿ ನಾಲ್ಕು ಗುಂಡಿಗಳ ಹೆಡ್‌ಫೋನ್ ಆಂಪ್ ಇತ್ತು. ನಾಲ್ಕು ಗುಂಡಿ ಎಂದರೆ ನಾಲ್ಕು ಮಿಕ್ಸ್ ಎಂದುಕೊಂಡು ಕೊಂಡಿದ್ದೆ; ಅದು ಒಂದೇ ಮಿಕ್ಸನ್ನು ನಾಲ್ಕು ಕಡೆಗೆ ಹಂಚುವ ಸಾಧನ, ಗುಂಡಿಗಳು ಸದ್ದಿನ ಏರಿಳಿತಕ್ಕೆ ಮಾತ್ರ. ಡ್ರಮ್ ವಾದಕನಿಗೆ ಕ್ಲಿಕ್ (ಲಯ ತೋರಿಸುವ ಟಿಕ್‌ಟಿಕ್ ಸದ್ದು) ಸಾಲದು, ಗಾಯಕಿಗೆ ಅದೇ ಕ್ಲಿಕ್ ತಲೆನೋವು. ಅದಕ್ಕೇ ಹೊಸ ಪೆಟ್ಟಿಗೆ.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಟ್ರ್ಯಾಕ್‌ನಿಂದ ಒಂದೊಂದು ಹೆಡ್‌ಫೋನ್‌ಗೂ ‘ಸೆಂಡ್’, ಅಂದರೆ ಆ ಸದ್ದಿನ ಒಂದು ಕವಲು, ಹಾಕುತ್ತೇವೆ. ಸೆಂಡ್‌ನಲ್ಲಿ ಎರಡು ಬಗೆ. ಪೋಸ್ಟ್-ಫೇಡರ್ ಆದರೆ ಸದ್ದು ಫೇಡರ್ (ಟ್ರ್ಯಾಕ್‌ನ ಸದ್ದು ಏರಿಸಿ ಇಳಿಸುವ ಜಾರುಗುಂಡಿ) ದಾಟಿದ ಮೇಲೆ ಕವಲೊಡೆಯುತ್ತದೆ, ಪ್ರಿ-ಫೇಡರ್ ಆದರೆ ದಾಟುವ ಮೊದಲೇ. ರೆವರ್ಬ್‌ಗೆ ಪೋಸ್ಟ್ ಸರಿ: ಧ್ವನಿ ಇಳಿಸಿದಾಗ ಅದರ ಅನುರಣನವೂ ಇಳಿಯಬೇಕಲ್ಲ. ಹೆಡ್‌ಫೋನ್‌ಗೆ ಮಾತ್ರ ಪ್ರಿ-ಫೇಡರೇ ಆಗಬೇಕು. ನನ್ನ ಸಾಫ್ಟ್‌ವೇರ್ ಹೊಸ ಸೆಂಡ್‌ಗಳನ್ನೆಲ್ಲ ಪೋಸ್ಟ್ ಆಗಿಯೇ ತೆರೆಯುತ್ತಿತ್ತು. ನಾನು ನೋಡಲೇ ಇಲ್ಲ.

ಅವರು ಒಂದು ಕೋಣೆಯಲ್ಲಿ, ನಾನು ಪಕ್ಕದ ಕೋಣೆಯಲ್ಲಿ ಸ್ಪೀಕರ್ ಮುಂದೆ. ಎರಡನೆಯ ಟೇಕ್‌ನಲ್ಲಿ ಸಾಹಿತ್ಯ ಸರಿಯಾಗಿ ಕೇಳಿಸಲಿಲ್ಲವೆಂದು ಗಾಯಕಿಯ ಫೇಡರನ್ನು ತುಸು ಮೇಲೆತ್ತಿದೆ. ಅದರೊಂದಿಗೆ ಅವರ ಕಿವಿಯಲ್ಲೂ ಅವರ ಧ್ವನಿ ಏರಿತು. ತನ್ನ ಧ್ವನಿ ತನಗೇ ಜೋರಾಗಿ ಕೇಳಿದರೆ ಯಾರೇ ಆದರೂ ತಗ್ಗಿಸಿ ಹಾಡುತ್ತಾರೆ, ಅವರೂ ತಗ್ಗಿಸಿದರು, ಮೈಕಿನಿಂದ ಅರ್ಧ ಹೆಜ್ಜೆ ಹಿಂದೆಯೂ ಸರಿದರು. ನನಗೆ ಮತ್ತೆ ಕಡಿಮೆ ಕೇಳಿಸಿತು, ಮತ್ತೆ ಎತ್ತಿದೆ. ಅವರು ಇನ್ನಷ್ಟು ತಗ್ಗಿಸಿದರು. ಏಳು ಟೇಕ್ ಹೀಗೇ ನಡೆಯಿತು. ನನ್ನ ಸ್ಪೀಕರ್‌ನಲ್ಲಿ ಸದ್ದು ಎಲ್ಲ ಟೇಕ್‌ಗಳಲ್ಲೂ ಒಂದೇ ಮಟ್ಟದಲ್ಲಿದ್ದುದರಿಂದ ಏನೂ ಗೊತ್ತಾಗಲಿಲ್ಲ. ಕಸುವು ಮಾತ್ರ ಸೋರಿಹೋಗುತ್ತಿತ್ತು. ಕೊನೆಗೆ ಅವರೇ ‘ಇವತ್ತು ಗಂಟಲು ಕೈಕೊಡುತ್ತಿದೆ’ ಎಂದರು. ನಾನು ಹೌದೆಂದು ತಲೆಯಾಡಿಸಿದೆ!

ರಾತ್ರಿ ಟೇಕ್‌ಗಳನ್ನು ಒಂದರ ಕೆಳಗೊಂದು ಜೋಡಿಸಿದಾಗ ಬಣ್ಣ ಬಯಲಾಯಿತು. ಮೊದಲನೆಯದರ ಅಲೆ ಹಗ್ಗದ ಹಾಗೆ, ಏಳನೆಯದು ನೂಲಿನ ಹಾಗೆ. ಫೇಡರ್ 6 ಡೆಸಿಬೆಲ್ ಮೇಲೆ ಹೋಗಿ ಕುಳಿತಿತ್ತು. ಮರುದಿನ ಫೋನ್ ಮಾಡಿ ಒಪ್ಪಿಕೊಂಡೆ. ಅವರು ನಕ್ಕರು. ಆದರೆ ಆ ನಾಲ್ವರು ಮತ್ತೆ ಒಟ್ಟಿಗೆ ಸೇರಲು ಆಗಲೇ ಇಲ್ಲ. ಹಾಡನ್ನು ಅವರೊಬ್ಬರೇ ಬಂದು ಹಾಡಿ ಮುಗಿಸಿದರು, ಕೇಳಿದರೆ ಹಾಗೆಯೇ ಕೇಳಿಸುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಾಲ್ವರಿಗೆ ನಾಲ್ಕು ಮಿಕ್ಸ್ ಬೇಕಿಲ್ಲ, ಎರಡು ಸಾಕು: ಗಾಯಕರಿಗೆ ಒಂದು, ಡ್ರಮ್, ಬಾಸ್, ಗಿಟಾರ್ ಮೂವರಿಗೂ ಸೇರಿ ಇನ್ನೊಂದು. ‘ನನ್ನದು ಕೇಳಿಸುತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ಅವರದನ್ನು ಏರಿಸಬೇಡಿ, ಉಳಿದವರದನ್ನು ಇಳಿಸಿ. ಪ್ರತಿಯೊಬ್ಬರೂ ಮೊಬೈಲ್‌ನಲ್ಲಿ ತಮ್ಮ ಮಿಕ್ಸ್ ತಾವೇ ಮಾಡಿಕೊಳ್ಳುವ ಆ್ಯಪ್‌ಗಳೂ ಇವೆ. ನನ್ನ ಮನೆಯಲ್ಲಿ ಅವಕ್ಕೆ ಪ್ರವೇಶವಿಲ್ಲ, ನುಡಿಸಲು ಬಂದವರು ಪರದೆ ತೀಡುತ್ತಾ ಕುಳಿತುಬಿಡುತ್ತಾರೆ.

ಗಾಯಕರ ಸ್ವಂತ ಧ್ವನಿಯನ್ನು ಕಂಪ್ಯೂಟರ್ ಸುತ್ತಿ ಬರಲು ಬಿಡದೆ ಇಂಟರ್‌ಫೇಸ್‌ನಿಂದಲೇ ನೇರವಾಗಿ ಎರಡೂ ಮಿಕ್ಸ್‌ಗೆ ಕೊಡಿ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಹಿಡಿಯುವಾಗ, ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳು) 512 ಇದ್ದರೆ ಒಂದು ದಿಕ್ಕಿಗೇ ಸುಮಾರು 10.7 ಮಿಲಿಸೆಕೆಂಡ್ ತಡ, ಹೋಗಿಬರುವುದಕ್ಕೆ ಅದರ ಎರಡರಷ್ಟಕ್ಕೂ ಹೆಚ್ಚು. ನೇರ ದಾರಿಯಲ್ಲಿ ಆ ತಡವೂ ಇಲ್ಲ, ನನ್ನ ಫೇಡರ್ ಕಥೆಯೂ ಇಲ್ಲ. ಆಗ ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕ್‌ನ ಮಾನಿಟರಿಂಗ್ (ಹಾಡುವಾಗಲೇ ಧ್ವನಿಯನ್ನು ಮರಳಿ ಕೇಳಿಸುವುದು) ಆರಿಸುವುದನ್ನು ಮರೆಯಬೇಡಿ. ಎರಡೂ ಒಟ್ಟಿಗೆ ಕೇಳಿದರೆ ಧ್ವನಿ ಕೊಳವೆಯೊಳಗಿಂದ ಬಂದಂತಿರುತ್ತದೆ. ಉಳಿದ ವಾದ್ಯಗಳ ಸೆಂಡ್‌ಗಳು ಪ್ರಿ-ಫೇಡರ್ ಇರಲಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಮ್ಯೂಟ್ ಒತ್ತಿದರೆ ಪ್ರಿ-ಫೇಡರ್ ಸೆಂಡ್ ಕೂಡ ನಿಂತುಹೋಗುತ್ತದೆ, ಮೊದಲೇ ಪರೀಕ್ಷಿಸಿ.

ನೀವೆಲ್ಲ ಒಂದೇ ಕೋಣೆಯಲ್ಲಿ ಕೂರುವವರು, ಮೈಕ್ ತೆರೆದಿರುವಾಗ ಸ್ಪೀಕರ್ ಹೇಗೂ ಆರಿರಬೇಕು. ಹಾಗಾಗಿ ನಾಲ್ಕು ಔಟ್‌ಪುಟ್‌ಗಳ ಪೆಟ್ಟಿಗೆ ಸಾಕು. ಔಟ್‌ಪುಟ್ 3-4 ಗಾಯಕರ ಹೆಡ್‌ಫೋನ್ ಆಂಪ್‌ಗೆ. 1-2 ನಾನು ಬೈದ ಆ ನಾಲ್ಕು ಗುಂಡಿಯ ಆಂಪ್‌ಗೆ, ಮೂರು ಗುಂಡಿ ವಾದಕರಿಗೆ, ನಾಲ್ಕನೆಯದು ನಿಮಗೆ. ಆ ಮೂವರ ಕಿವಿಗೆ ಹೋಗುವುದು ನಿಮ್ಮ ಮುಖ್ಯ ಮಿಕ್ಸೇ. ಹಾಗಾಗಿ ಟೇಕ್ ಮುಗಿಯುವವರೆಗೆ ಫೇಡರ್ ಮುಟ್ಟದೆ ಕೈಕಟ್ಟಿ ಕುಳಿತಿರಿ.