ಪಕ್ಕದಲ್ಲಿ ನೀನು ನಿಲ್ಲಬೇಡ

ತಂಗಿ,

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೀತೀನಿ. ಜೂನ್‌ನಲ್ಲಿ ಹಾಸನ ಬಿಟ್ಟು ಮುಂಬಯಿಗೆ ಬರ್ತಿದ್ದೀರಿ, ಯಜಮಾನರಿಗೆ ವರ್ಗ, ಮಗಳಿಗೆ ಏಳು ತುಂಬಿದೆ, ಹುಟ್ಟಿನಿಂದಲೇ ಕಿವಿ ಕೇಳಿಸಲ್ಲ. ಮನೆ ಎಲ್ಲಿ ನೋಡಬೇಕು, ಶಾಲೆ ಹೇಗೆ, ಇಗರ್ಜಿಯಲ್ಲಿ ಸನ್ನೆ ಭಾಷೆಯ ಪೂಜೆ ಸಿಗುತ್ತಾ, ಅವಳ ಕನ್ನಡ ಕೈಬಿಟ್ಟು ಹೋಗುತ್ತಾ ಅಂತೆಲ್ಲ ಕೇಳಿದ್ದೀಯ. ಕೊನೆಗೆ ಒಂದು ಸಾಲು: ಮುಂದಿನ ವರ್ಷ ಮೊದಲ ಪರಮಪ್ರಸಾದಕ್ಕೆ ಮುಂಚೆ ಪಾಪನಿವೇದನೆ ಆಗಬೇಕಲ್ಲ, ತನ್ನ ತಪ್ಪುಗಳನ್ನು ಗುರುಗಳ ಮುಂದೆ ಗುಟ್ಟಾಗಿ ಹೇಳಿಕೊಳ್ಳಬೇಕಲ್ಲ, ಆ ಗುರುಗಳಿಗೆ ಸನ್ನೆ ಬರದಿದ್ದರೆ ನಾನೇ ಪಕ್ಕದಲ್ಲಿ ನಿಂತು ಹೇಳಿದರೆ ಆಗುತ್ತಾ?

ಆ ಒಂದು ಸಾಲಿಗೋಸ್ಕರ ಇಷ್ಟುದ್ದ ಬರೀತಿದ್ದೀನಿ. ಮಿಕ್ಕದ್ದನ್ನು ಬೇಗ ಮುಗಿಸಿಬಿಡ್ತೀನಿ.

ಮನೆ ವಿಷಯ ನನ್ನನ್ನು ಕೇಳಿ ಪ್ರಯೋಜನವಿಲ್ಲ. ಹನ್ನೊಂದು ತಿಂಗಳ ಕರಾರು, ಕೈ ಸುಡುವ ಡಿಪಾಸಿಟ್, ಮೇಲೆ ಬ್ರೋಕರ್. ಎಲ್ಲಿ ಹೋದರೂ ಇದೇ. ಅಗ್ಗ ಅಂತ ವಸಯಿ ಕಡೆ ಹೋಗುವುದಾದರೆ ಒಂದು ತಿಳಿದಿರಲಿ, ಅದು ಬೇರೆ ಬಿಷಪ್ಪರ ಧರ್ಮಕ್ಷೇತ್ರ, 1998ರಲ್ಲಿ ಮುಂಬಯಿಯಿಂದ ಬೇರೆಯಾದದ್ದು. ಅಲ್ಲಿ ಮರಾಠಿ ಪೂಜೆಯೇ ಹೆಚ್ಚು. ಕಲೀನಾ, ಬಾಂದ್ರಾ ಕಡೆ ಇಂಗ್ಲಿಷ್, ಕೊಂಕಣಿ. ಪ್ರತಿ ಭಾನುವಾರ ಕನ್ನಡ ಪೂಜೆ ಸಿಗುತ್ತೆ ಅಂತ ಆಸೆ ಇಟ್ಟುಕೊಂಡು ಮಾತ್ರ ಬರಬೇಡ. ಮೊದಮೊದಲು ನಾನು ಪರಲೋಕ ಮಂತ್ರವನ್ನು ಕನ್ನಡದಲ್ಲೇ ಮೆಲ್ಲಗೆ ಹೇಳಿಕೊಳ್ತಿದ್ದೆ. ಈಗಲೂ ಹಾಗೇ ಹೇಳ್ತೀನಿ.

ಶಾಲೆಗೆ ಮುಂಚೆ ಬಾಂದ್ರಾ ರೆಕ್ಲಮೇಶನ್‌ನಲ್ಲಿರುವ ಅಲಿ ಯಾವರ್ ಜಂಗ್ ಸಂಸ್ಥೆಗೆ ಹೋಗು. 1983ರಿಂದ ಇದೆ, ಕೇಂದ್ರ ಸರ್ಕಾರದ್ದು. ಕಿವಿ ಪರೀಕ್ಷೆಯೂ ಅಲ್ಲೇ, ಸನ್ನೆ ಭಾಷೆಯ ತರಬೇತಿಯೂ ಅಲ್ಲೇ. ಅಂಗವಿಕಲರ ಯುಡಿಐಡಿ ಕಾರ್ಡನ್ನು ಊರಲ್ಲೇ ಮಾಡಿಸಿಕೊಂಡು ಬಾ, ಇಲ್ಲಿ ಬಂದಮೇಲೆ ವಿಳಾಸದ ರಗಳೆ. ಲೋಕಲ್ ಟ್ರೇನಿನಲ್ಲಿ ಅಂಗವಿಕಲರ ಡಬ್ಬಿ ಬೇರೆ ಇರುತ್ತೆ. ಜನ ಬಯ್ಯುತ್ತಾರೆ, ನೋಡೋಕೆ ಏನೂ ಆಗಿಲ್ಲವಲ್ಲ ಅಂತ. ಕಾರ್ಡು ತೋರಿಸು, ಬಾಯಿ ಕೊಡಬೇಡ.

ಕನ್ನಡದ ಚಿಂತೆ ಬಿಡು. ಸನ್ನೆ ಭಾಷೆ ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಅದಕ್ಕೆ ಅದರದೇ ವ್ಯಾಕರಣ. 'ನಿನ್ನ ಹೆಸರೇನು' ಅಂತ ಕೇಳೋಕೆ ಕೈಯೊಂದೇ ಸಾಲದು, ಜೊತೆಗೆ ಹುಬ್ಬೂ ಬೇಕು. ಹಾಸನದ ಮಗುವಿನ ಕೈಗೂ ಇಲ್ಲಿನ ಮಗುವಿನ ಕೈಗೂ ಕೆಲವು ಪದ ಬೇರೆಯಾಗಬಹುದು, ಒಂದು ವಾರದಲ್ಲಿ ಹೊಂದಿಕೊಳ್ತಾರೆ. ನೀನು ಮರಾಠಿ ಕಲಿಯೋಕೆ ಹತ್ತು ವರ್ಷ ಬೇಕು. ಇನ್ನೊಂದು, ಊರಲ್ಲಿ ಅನ್ನುವ ಹಾಗೆ 'ಮೂಗಿ' ಅನ್ನೋ ಪದವನ್ನು ಯಾರ ಬಾಯಲ್ಲೂ ಬರಗೊಡಬೇಡ, ನಿಮ್ಮತ್ತೆಯ ಬಾಯಲ್ಲೂ. ಇಲ್ಲಿಯವರು ತಮ್ಮನ್ನು ಡೆಫ್ ಅಂತಲೇ ಹೇಳಿಕೊಳ್ತಾರೆ, ತಲೆ ಎತ್ತಿ.

ಸನ್ನೆ ಭಾಷೆಯ ಪೂಜೆ ಇದೆಯಾ ಅಂದರೆ, ಇದೆ. ಯಾವ ಇಗರ್ಜಿ, ಯಾವ ಭಾನುವಾರ ಅನ್ನೋದು ಬದಲಾಗ್ತಿರುತ್ತೆ, ಅದಕ್ಕೇ ಹೆಸರು ಬರೆಯಲ್ಲ. ಪ್ಯಾರಿಷ್ ಕಚೇರಿಯಲ್ಲಿ ಕೇಳು. ಅದಕ್ಕಿಂತ ಒಂದು ಡೆಫ್ ಕುಟುಂಬವನ್ನು ಹುಡುಕಿಕೋ, ಅವರಿಗೆ ಎಲ್ಲ ಗೊತ್ತಿರುತ್ತೆ. ಕೂರುವಾಗ ಮುಂದಿನ ಸಾಲು, ಸನ್ನೆ ಮಾಡುವವರ ಎದುರಿಗೆ, ಅವರ ಬೆನ್ನ ಹಿಂದೆ ಕಿಟಕಿ ಇರದ ಕಡೆ. ಬೆಳಕಿಗೆ ಬೆನ್ನು ಕೊಟ್ಟು ನಿಂತರೆ ಮುಖ ಕಾಣಲ್ಲ. ಈಸ್ಟರ್ ಜಾಗರಣೆಯಲ್ಲಿ ದೀಪ ಆರಿಸ್ತಾರಲ್ಲ, ನಮಗೆ ಅದೇ ಚೆಂದ. ಇವರಿಗೆ ಆಗ ಪೂಜೆಯೇ ನಿಂತುಹೋದ ಹಾಗೆ. ಸನ್ನೆ ಮಾಡುವವರ ಮುಖಕ್ಕೆ ಯಾರಾದರೂ ಟಾರ್ಚ್ ಹಿಡಿಯಬೇಕು, ಮೊದಲೇ ಮಾತಾಡಿಟ್ಟುಕೊಳ್ಳಬೇಕು.

ಇಷ್ಟು ಸಾಕು. ಈಗ ಆ ಸಾಲಿಗೆ ಬರ್ತೀನಿ.

ನಾವು ಬಂದದ್ದು 1989ರಲ್ಲಿ. ಆಗ ಕೊಂಕಣ ರೈಲು ಎಲ್ಲಿತ್ತು! ಅರಸೀಕೆರೆಯಲ್ಲಿ ಸಣ್ಣ ಗೇಜಿನ ಗಾಡಿ ಹತ್ತಿ ಮೀರಜ್‌ನಲ್ಲಿ ಇಳಿದು ದೊಡ್ಡ ಗಾಡಿಗೆ ಹತ್ತಬೇಕಿತ್ತು. ಸೂಟ್‌ಕೇಸು, ಹಾಸಿಗೆ ಸುರುಳಿ, ಕಾಫಿಪುಡಿ ಡಬ್ಬ, ನಾಲ್ಕು ವರ್ಷದ ಮಗ. ಮೀರಜ್ ಪ್ಲಾಟ್‌ಫಾರ್ಮಿನಲ್ಲಿ ಅವನು ಕೈ ಬಿಡಿಸಿಕೊಂಡು ಹೋಗಿಬಿಟ್ಟ. ಹೆಸರು ಹಿಡಿದು ಕೂಗಿದೆ. ಕೂಗಿದಮೇಲೆ ನೆನಪಾಯಿತು. ಚಹಾದ ಗಾಡಿಯ ಹತ್ತಿರ ಸಿಕ್ಕ, ಸ್ಟವ್ ಉರಿ ನೋಡುತ್ತಾ ನಿಂತಿದ್ದ.

ಕಲೀನಾದಲ್ಲಿ ಚಾಳು. ನನ್ನವರು ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನ ಅಡುಗೆಮನೆಯಲ್ಲಿ. ಮಗನನ್ನು ಸೇರಿಸಿದ ಶಾಲೆಯಲ್ಲಿ ಮೊದಲ ದಿನವೇ ಹೇಳಿದರು: ಮನೆಯಲ್ಲಿ ಕೈಸನ್ನೆ ಮಾಡಬೇಡಿ, ಮಾಡಿದರೆ ಮಾತು ಬರಲ್ಲ. ಆಗೆಲ್ಲ ಹಾಗೇ ಇತ್ತು. ಇದರ ಮೂಲ 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಶಿಕ್ಷಕರ ಸಮ್ಮೇಳನ. ಕಿವುಡ ಮಕ್ಕಳಿಗೆ ಬಾಯಿಮಾತೇ ಸರಿ, ಸನ್ನೆ ಬೇಡ ಅಂತ ಕೇಳುವ ಕಿವಿಯವರು ಅಲ್ಲಿ ತೀರ್ಮಾನ ಮಾಡಿದರು. ಆ ಸಮ್ಮೇಳನದವರು ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಅಷ್ಟರಲ್ಲಿ ನನ್ನ ಮಗನಿಗೆ ಇಪ್ಪತ್ತೈದು. ನೋಡು, ಈ ದೇಶದ ಮೊದಲ ಕಿವುಡರ ಶಾಲೆ ಶುರುವಾದದ್ದು ಇದೇ ಊರಲ್ಲಿ, 1880ರ ದಶಕದಲ್ಲಿ, ನಮ್ಮದೇ ಬಿಷಪ್ ಲಿಯೋ ಮ್ಯೂರಿನ್ ಅವರಿಂದ. ಅದನ್ನು ಹೇಳಿಕೊಳ್ಳೋಕೆ ನನಗೆ ಹೆಮ್ಮೆಯೇ. ಆದರೆ ನಾನು ನಿಂತದ್ದು ಮಿಲಾನ್‌ನವರ ಕಡೆ. ಶಾಲೆಯವರು ಹೇಳಿದ್ದನ್ನು ಪಾಲಿಸಿದೆ. ಮಗ ಸನ್ನೆ ಭಾಷೆಯನ್ನು ದೊಡ್ಡ ಹುಡುಗರಿಂದ ಕಲಿತ, ಶಾಲೆಯ ಮೆಟ್ಟಿಲ ಕೆಳಗೆ, ಕದ್ದು. ನನಗೂ ಅವನಿಗೂ ಇದ್ದದ್ದು ಮನೆಯ ಸನ್ನೆ ಅಷ್ಟೆ: ಊಟ, ನಿದ್ದೆ, ಸ್ನಾನ, ಅಪ್ಪ, ಬೇಡ, ಹೊಡೀತೀನಿ.

ಪ್ರತಿ ಸೆಪ್ಟೆಂಬರ್ ಮೌಂಟ್ ಮೇರಿ ಜಾತ್ರೆಗೆ ಹೋಗಿ ಮೇಣದ ಕಿವಿ ಕೊಂಡು ಮಾತೆಗೆ ಒಪ್ಪಿಸ್ತಿದ್ದೆ. ಅಲ್ಲಿ ಮೇಣದ ಕೈ, ಕಾಲು, ಮನೆ, ಮಗು ಎಲ್ಲ ಮಾರ್ತಾರೆ, ಬಂದಾಗ ನೋಡ್ತೀಯ. ಮಗನಿಗೆ ಹದಿನೈದು ವರ್ಷ ಆದಾಗ ಒಂದು ಸಲ ನನ್ನ ಕೈಯಿಂದ ಆ ಕಿವಿಯನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಇದು ಯಾರದು ಅಂತ ಕೇಳಿದ. ಅಲ್ಲಿಗೆ ಅದನ್ನು ಬಿಟ್ಟೆ.

ಪಾಪನಿವೇದನೆ ಆದದ್ದು ಅದಕ್ಕೆ ಮುಂಚೆ, ಅವನಿಗೆ ಒಂಬತ್ತು. ಗುರುಗಳು ಒಳ್ಳೆಯವರೇ. ಸನ್ನೆ ಬರ್ತಿರಲಿಲ್ಲ. ನೀವೇ ಹೇಳಿ, ತಾಯಿ ತಾನೇ ಅಂದರು. ಪಾಪನಿವೇದನೆಯ ಜಾಲರಿಯ ಗೂಡು ಬೇಡ ಅಂತ ಸ್ಯಾಕ್ರಿಸ್ಟಿಯಲ್ಲಿ, ಗುರುಗಳು ಪೂಜೆಯ ಉಡುಪು ಹಾಕಿಕೊಳ್ಳುವ ಕೋಣೆಯಲ್ಲಿ, ಕುರ್ಚಿ ಹಾಕಿಸಿದರು. ನಾನು ಪಕ್ಕದಲ್ಲಿ ನಿಂತೆ.

ಅದಕ್ಕೆ ಒಂದೂವರೆ ತಿಂಗಳು ಹಿಂದೆ ನಮ್ಮ ಮನೆಯ ಬೇಳೆ ಡಬ್ಬಿಯಲ್ಲಿಟ್ಟಿದ್ದ ಐವತ್ತು ರೂಪಾಯಿ ಕಾಣೆಯಾಗಿತ್ತು. ಪಾತ್ರೆ ತೊಳೆಯೋಕೆ ಬರ್ತಿದ್ದ ಹುಡುಗಿಯ ಮೇಲೆ ಹಾಕಿ ಕೆಲಸ ಬಿಡಿಸಿಬಿಟ್ಟಿದ್ದೆ. ಗುಲ್ಬರ್ಗಾ ಕಡೆಯವಳು, ಹದಿನಾರೋ ಹದಿನೇಳೋ. ಆ ಚಾಳಿನಲ್ಲಿ ನನ್ನ ಜೊತೆ ಕನ್ನಡ ಮಾತಾಡ್ತಿದ್ದವಳು ಅವಳೊಬ್ಬಳೇ. 'ಯವ್ವಾ, ನಾ ತಗೊಂಡಿಲ್ರಿ' ಅಂತ ಬಾಗಿಲಲ್ಲಿ ನಿಂತು ಅತ್ತಳು.

ಮಗ ಕೈ ಎತ್ತಿದ. ಡಬ್ಬಿ. ದುಡ್ಡು. ನಾನು. ಆಮೇಲೆ ಮೂಗಿನ ಪಕ್ಕ ಬೆರಳಿಟ್ಟು ತಿರುಗಿಸಿದ. ಮೂಗುಬೊಟ್ಟು, ಅಂದರೆ ಆ ಹುಡುಗಿ. ಆಮೇಲೆ ಕೆನ್ನೆಯ ಮೇಲೆ ಎರಡು ಬೆರಳು ಇಳಿಸಿದ, ಅಳು. ಆಮೇಲೆ ನನ್ನ ಕಡೆ ತೋರಿಸಿ, ಹೋಗು ಅನ್ನುವ ಹಾಗೆ ಕೈ ಬೀಸಿದ.

ಗುರುಗಳು ನನ್ನ ಮುಖ ನೋಡಿದರು. 'ಮನೆಯಲ್ಲಿ ದುಡ್ಡು ಕದ್ದಿದ್ದಾನಂತೆ' ಅಂತ ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅಷ್ಟೇ ಹೇಳಿದೆ. ಮೂಗುಬೊಟ್ಟಿನ ಹುಡುಗಿಯನ್ನು ಹೇಳಲಿಲ್ಲ, ಅಳುವನ್ನು ಹೇಳಲಿಲ್ಲ, ನನ್ನ ಕಡೆ ತೋರಿಸಿದ್ದನ್ನು ಹೇಳಲಿಲ್ಲ. ಅವನ ಪಾಪ ಒಪ್ಪಿಸಿ ನನ್ನದನ್ನು ನುಂಗಿದೆ. ಗುರುಗಳು ಮೂರು ಸಲ ನಮೋ ಮರಿಯ ಪ್ರಾರ್ಥನೆ ಹೇಳಲಿ ಅಂದರು, ಕ್ಷಮೆ ಕೊಟ್ಟರು. ಮಗ ಇನ್ನೂ ಕೈ ಎತ್ತಿಕೊಂಡೇ ಇದ್ದ, ಮುಗಿದಿರಲಿಲ್ಲ. ನಾನೇ ಅವನ ಕೈ ಹಿಡಿದು ಇಳಿಸಿದೆ.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಹೊಡೆದೆ. ಅವರಪ್ಪನ ಎದುರಿಗೆ, ಪಕ್ಕದ ಮನೆಯವರಿಗೂ ಕೇಳುವ ಹಾಗೆ. ಮಗ ಅಳಲಿಲ್ಲ. ಇಗರ್ಜಿಯಲ್ಲಿ ಕೈಯಲ್ಲಿ ಹೇಳಿದ್ದು ಇಲ್ಲಿಗೆ ಹೇಗೆ ಬಂತು ಅನ್ನುವ ಹಾಗೆ ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದ.

ಮರುವಾರ ಗುರುಗಳಿಗೆ ಇದನ್ನು ಹೇಳಿದೆ, ಮಗನನ್ನು ತಿದ್ದಿದ ತಾಯಿ ಅಂತ ಮೆಚ್ಚಿಕೊಳ್ತಾರೆ ಅನ್ನೋ ಹಾಗೆ. ಅವರ ಮುಖ ಸಣ್ಣದಾಯಿತು. ನಾನು ಮೊದಲೇ ನಿಮಗೆ ಹೇಳಬೇಕಿತ್ತು ಅಂದರು. ಧರ್ಮಸಭೆಯ 1983ರ ಕಾನೂನಿನಲ್ಲಿ ಇದು ಇದೆ: ದುಭಾಷಿಯ ಮೂಲಕ ಪಾಪನಿವೇದನೆ ಮಾಡಬಹುದು, 990ನೇ ವಿಧಿ. ಆದರೆ 983ನೇ ವಿಧಿಯಲ್ಲಿ ದುಭಾಷಿ ಆ ಗುಟ್ಟನ್ನು ಕಾಯಲೇಬೇಕು. ಮನೆಯ ದುಡ್ಡೇ ಇರಲಿ, ನನ್ನ ಮಗನೇ ಇರಲಿ. ಹಾಗಾದರೆ ಆ ಹುಡುಗಿಗೆ ಅನ್ಯಾಯ ಆಗಿದೆಯಲ್ಲ ಅಂದೆ. 'ಅನುಮಾನ ನಿಮ್ಮದೇ ಆಗಿತ್ತಲ್ಲ, ಅದಕ್ಕೆ ಕ್ಷಮೆ ಕೇಳೋಕೆ ಮಗನ ಪಾಪ ಯಾಕೆ ಬೇಕು' ಅಂದರು. ಹುಡುಕಿಕೊಂಡು ಹೋದೆ. ಅವರ ಝೋಪಡಿ ಒಡೆದುಹಾಕಿದ್ದರು, ಎಲ್ಲಿ ಹೋದರೋ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಇಗರ್ಜಿಯಲ್ಲಿ ಮಗ ಕೈ ಬಿಡಿಸುತ್ತಲೇ ಇರಲಿಲ್ಲ. ಬೆರಳಿಗೆ ಬೆರಳು ಹೆಣೆದು ಎದೆಗೆ ಒತ್ತಿಕೊಂಡು ಕೂರ್ತಿದ್ದ. ಧರ್ಮೋಪದೇಶದ ಟೀಚರ್ ಬೇರೆ ಮಕ್ಕಳಿಗೆ ತೋರಿಸ್ತಿದ್ದರು, ನೋಡಿ ಎಷ್ಟು ಭಕ್ತಿ ಅಂತ. ಅವನು ಬಾಯಿ ಮುಚ್ಚಿಕೊಂಡು ಕೂತಿದ್ದಾನೆ ಅಂತ ಅವರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಿತ್ತು.

ಅದಕ್ಕೇ ಹೇಳೋದು, ನೀನು ನಿಲ್ಲಬೇಡ. ಆಗಬಹುದು ಅಂತ ಕಾನೂನು ಹೇಳಿದರೂ ಬೇಡ. ಸನ್ನೆ ಬರುವ ಗುರುಗಳನ್ನು ಹುಡುಕು, ಒಂದು ತಿಂಗಳು ತಡವಾದರೆ ಆಗಲಿ. ಸಿಗಲೇ ಇಲ್ಲವಾ, ಮಗಳು ಬರೆಯಲಿ, ಬರೆಯೋಕೆ ಬರದಿದ್ದರೆ ಚಿತ್ರ ಬಿಡಿಸಲಿ. ಎದುರುಬದುರು ಬೆಳಕಿನಲ್ಲಿ ಕೂತು ಗುರುಗಳು ನೋಡಿ ಆ ಕಾಗದವನ್ನು ಅವಳ ಎದುರೇ ಹರಿಯಲಿ. ನೀನು ಬಾಗಿಲ ಹೊರಗಿರು, ಕಿಟಕಿಯಿಂದ ಕೂಡ ನೋಡಬೇಡ. ಸನ್ನೆ ಕಿಟಕಿಯಿಂದ ಕೇಳಿಸುತ್ತೆ.

ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯ ನಿನಗೆ ಗೊತ್ತೇ ಇದೆ. ಜ್ಞಾನಸ್ನಾನದಲ್ಲಿ ಮಗುವಿನ ಕಿವಿ, ಬಾಯಿ ಮುಟ್ಟಿ 'ತೆರೆಯಲಿ' ಅಂತಾರಲ್ಲ, ಅದು ಬರುವ ಕಥೆ. ಕಿವಿ ತೆರೆದದ್ದನ್ನೇ ಎಲ್ಲರೂ ಹೇಳ್ತಾರೆ. ನಾನು ಎಷ್ಟೋ ವರ್ಷ ಓದಿದಮೇಲೆ ಅದರ ಮುಂಚಿನ ಸಾಲು ಕಂಡಿತು. ಅವನನ್ನು ಕರೆತಂದವರು ಬೇರೆಯವರು, ಬೇಡಿಕೊಂಡವರೂ ಅವರೇ. ಯೇಸುಸ್ವಾಮಿ ಅವನನ್ನು ಗುಂಪಿನಿಂದ ಬೇರೆ ಕಡೆಗೆ, ಒಬ್ಬನನ್ನೇ ಕರೆದುಕೊಂಡು ಹೋದ. ಕರೆತಂದವರು ಹಿಂದೆಯೇ ಉಳಿದರು.

2024ರ ಮೇ ತಿಂಗಳಲ್ಲಿ ತ್ರಿಶೂರಿನಲ್ಲಿ ಜೋಸೆಫ್ ತೇರ್ಮಡಂ ಅವರಿಗೆ ಗುರುದೀಕ್ಷೆ ಆಯಿತು. ಭಾರತದ ಮೊದಲ ಡೆಫ್ ಗುರು ಅವರು. ಮಗ ನನಗೆ ಆ ವಿಡಿಯೋ ಕಳಿಸಿದ, ಕೆಳಗೆ ಏನೂ ಬರೆಯದೆ. ಅವನು ಈಗ ಪಾಪನಿವೇದನೆಗೆ ಹೋಗ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಲ್ಲ.

ಅವನ ಮದುವೆ 2013ರಲ್ಲಿ ಆಯಿತು, ಹುಡುಗಿಯೂ ಡೆಫ್. ಒಪ್ಪಿಗೆಯನ್ನು ಇಬ್ಬರೂ ಕೈಯಲ್ಲೇ ಹೇಳಿದರು. ಮಾತು ಬರದವರು ಸನ್ನೆಯಲ್ಲಿ ಹೇಳಿದರೂ ಮದುವೆ ಮದುವೆಯೇ. ಊಟದ ಹೊತ್ತಿಗೆ ಹಾಲ್ ತುಂಬ ಅವರ ಸ್ನೇಹಿತರು, ಕೈಗಳು ಗಾಳಿಯಲ್ಲಿ. ಯಾರೋ ಏನೋ ಹೇಳಿದರು, ನೂರು ಜನ ಒಟ್ಟಿಗೆ ನಕ್ಕರು. ನಾನು ತಟ್ಟೆ ಹಿಡಿದು ನಿಂತಿದ್ದೆ. ಮರಾಠಿ ಕಲಿತೆ, ಹಿಂದಿ ಕಲಿತೆ, ಮೀನಿನವಳ ಜೊತೆ ಕೊಂಕಣಿಯಲ್ಲಿ ಚೌಕಾಸಿ ಮಾಡ್ತೀನಿ. ಸನ್ನೆ ಭಾಷೆಯ ತರಗತಿಗೆ ಹೋಗಿದ್ದು ಐವತ್ತು ದಾಟಿದಮೇಲೆ. ಬೆರಳು ಬಗ್ಗಲ್ಲ. ಸೊಸೆ ನನಗಾಗಿ ನಿಧಾನವಾಗಿ ಮಾಡ್ತಾಳೆ, ಮಗುವಿಗೆ ಮಾಡುವ ಹಾಗೆ.

ಜೂನ್‌ನಲ್ಲಿ ಮಳೆ ಹಿಡಿದಿರುತ್ತೆ, ಗಟ್ಟಿ ಕೊಡೆ ಇರಲಿ. ಚಿಕೋರಿ ಇಲ್ಲದ ಕಾಫಿಪುಡಿ ಅರ್ಧ ಕೇಜಿ ತಾ, ದುಡ್ಡು ಕೊಡ್ತೀನಿ, ಬೇಡ ಅನ್ನಬೇಡ. ಬಂದ ವಾರವೇ ಒಂದು ಶನಿವಾರ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಾ. ಸೊಸೆ ಮನೆಯಲ್ಲಿರ್ತಾಳೆ. ಅವರಿಬ್ಬರನ್ನೂ ಹೊರಗಿನ ಕೋಣೆಯಲ್ಲಿ ಬಿಟ್ಟು ನಾವು ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯೋಣ, ಬಾಗಿಲು ಮುಂದೆ ಮಾಡಿಕೊಂಡು.