ವೆರೋನಾದ ರಾತ್ರಿ: ಮಳೆ ಬಂದರೆ ಒಪೆರಾ ಟಿಕೆಟ್ ಗತಿ ಏನು?

ಪ್ರಶ್ನೆ: ಜುಲೈನಲ್ಲಿ ಇಟಲಿಯ ವೆರೋನಾಕ್ಕೆ ಹೋಗುತ್ತಿದ್ದೇವೆ. ಅಲ್ಲಿನ ರೋಮನ್ ಕಾಲದ ಬಯಲು ರಂಗಮಂದಿರ ಅರೇನಾದಲ್ಲಿ ನಡೆಯುವ ಒಪೆರಾಕ್ಕೆ, ಅಂದರೆ ಗೀತನಾಟಕಕ್ಕೆ, ಕಲ್ಲುಮೆಟ್ಟಿಲಿನ ಅಗ್ಗದ ಟಿಕೆಟ್ ಸಾಕೇ? ಮಳೆ ಬಂದರೆ ದುಡ್ಡು ವಾಪಸ್ಸೇ? ಮುಗಿಸಿಕೊಂಡು ಅದೇ ರಾತ್ರಿ ವೆನಿಸ್‌ಗೆ ಮರಳಬಹುದೇ?

ಉತ್ತರ: ಕೊನೆಯದನ್ನು ಮೊದಲು ಹೇಳುತ್ತೇನೆ, ಬೇಸಿಗೆ ಬಂತೆಂದರೆ ಇದೇ ಪ್ರಶ್ನೆ. ಅದೇ ರಾತ್ರಿ ಮರಳುವ ಲೆಕ್ಕ ಹಾಕಬೇಡಿ. ಒಪೆರಾ ಶುರುವಾಗುವುದೇ ರಾತ್ರಿ ಒಂಬತ್ತರ ಮೇಲೆ. 1913ರಲ್ಲಿ ಸಂಗೀತಕಾರ ವೆರ್ದಿಯ ಜನ್ಮಶತಾಬ್ದಿಗೆಂದು ಇಲ್ಲಿ ಮೊದಲು ಆಡಿದ ಅವನ 'ಐದಾ' ಒಪೆರಾಕ್ಕೆ ನಾಲ್ಕು ಅಂಕ, ವಿರಾಮಗಳೂ ಸೇರಿದರೆ ನಡುರಾತ್ರಿ ದಾಟುತ್ತದೆ. ಆಮೇಲಿನ ರೈಲನ್ನು ನೆಚ್ಚಬೇಡಿ, ಊರಲ್ಲೇ ಕೋಣೆ ಹಿಡಿಯಿರಿ.

ಮೆಟ್ಟಿಲಿನ ಟಿಕೆಟ್ ಧಾರಾಳ ಸಾಕು. ಸೀಟಿಗೆ ನಂಬರ್ ಇಲ್ಲದ ಭಾಗವಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ವೇದಿಕೆ ಇರುವುದು ಅಂಡಾಕಾರದ ಒಂದು ತುದಿಯಲ್ಲಿ. ಅದಕ್ಕೆ ತೀರ ಹತ್ತಿರದ ಪಕ್ಕದಲ್ಲಿ ಕೂತರೆ ಅರ್ಧ ರಂಗಸಜ್ಜಿಕೆ ಕಾಣುವುದಿಲ್ಲ. ಸ್ವಲ್ಪ ದೂರವಾದರೂ ಎದುರು ಭಾಗವೇ ವಾಸಿ. ಬಿಸಿಲಿಗೆ ಕಾದ ಕಲ್ಲು ಸಂಜೆಯೂ ಸುಡುತ್ತದೆ, ಹಾಗಾಗಿ ಕೂರಲು ದಿಂಬು ಬೇಕೇ ಬೇಕು. ರಾತ್ರಿ ಹೊತ್ತೇರಿದ ಮೇಲೆ ಚಳಿ ಹತ್ತುತ್ತದೆ, ಶಾಲು ಇರಲಿ. ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ.

ಇನ್ನು ಮಳೆ. ಶುರುವಾಗುವ ಮೊದಲೇ ರದ್ದಾದರೆ ಹಣ ವಾಪಸ್. ಶುರುವಾಗಿ ನಿಂತರೆ ಒಂದು ಯೂರೋ ಕೂಡ ಇಲ್ಲ. "ಎರಡು ಅಂಕ ಆಗದಿದ್ದರೆ ಅರ್ಧ ದುಡ್ಡು ಕೊಡುತ್ತಾರೆ" ಎಂಬುದು ಪ್ರವಾಸಿಗಳು ಬಾಯಿಂದ ಬಾಯಿಗೆ ಹಬ್ಬಿಸಿದ ಸುಳ್ಳು, ದಯವಿಟ್ಟು ನಂಬಬೇಡಿ. ನಾಲ್ಕು ಹನಿ ಬಿದ್ದರೂ ಪಿಟೀಲಿನವರು ಎದ್ದು ಹೋಗುತ್ತಾರೆ. ನೀರು ತಾಗಿದರೆ ಮರದ ವಾದ್ಯ ಹಾಳು. ಆಗ ಹೊರಟುಬಿಡಬೇಡಿ, ಮೋಡ ಸರಿದರೆ ಮತ್ತೆ ಶುರುಮಾಡುತ್ತಾರೆ. ಕೊಡೆ ಬಿಡಿಸಿದರೆ ಹಿಂದಿನವರಿಗೆ ಏನೂ ಕಾಣದು, ರೇನ್‌ಕೋಟ್ ಒಯ್ಯಿರಿ. ಎರಡು ರಾತ್ರಿ ತಂಗುವವರು ಮೊದಲನೆಯ ರಾತ್ರಿಗೇ ಟಿಕೆಟ್ ತೆಗೆದರೆ ಮರುದಿನದ ಅವಕಾಶವಾದರೂ ಉಳಿಯುತ್ತದೆ.

ಅರೇನಾ ಮುಂದಿನ ಪಿಯಾತ್ಸಾ ಬ್ರಾ ಚೌಕದಲ್ಲಿ ಕೈಯಲ್ಲಿ ಟಿಕೆಟ್ ಹಿಡಿದು ಕರೆಯುವವರ ಹತ್ತಿರ ಹೋಗಲೇಬೇಡಿ. ಅಧಿಕೃತ ಕೌಂಟರ್ ಅರೇನಾದ ಬೆನ್ನಿಗೇ, ವಿಯಾ ದಿಯೆತ್ರೊ ಆನ್ಫಿತೆಯಾತ್ರೊ ಬೀದಿಯಲ್ಲಿದೆ.

ಪ್ರಶ್ನೆ: ಸೂಟು ಹಾಕಲೇಬೇಕೇ?

ಉತ್ತರ: ಮೆಟ್ಟಿಲಿಗೆ ಬೇಡ. ಕೆಳಗಿನ ಕುರ್ಚಿ ಸಾಲಿಗೆ ಚಡ್ಡಿಯಲ್ಲಿ ಹೋಗಬೇಡಿ.

ಪ್ರಶ್ನೆ: ಷೇಕ್ಸ್‌ಪಿಯರ್ ನಾಟಕದ ಜೂಲಿಯೆಟ್‌ಳದ್ದು ಎನ್ನುವ ಬಾಲ್ಕನಿಯನ್ನು ರಾತ್ರಿ ನೋಡಬಹುದೇ?

ಉತ್ತರ: ಅದನ್ನು ಅಲ್ಲಿ ಜೋಡಿಸಿದ್ದೇ 20ನೇ ಶತಮಾನದಲ್ಲಿ. ಅದಕ್ಕಾಗಿ ಒಂದು ರಾತ್ರಿ ಕಳೆಯಬೇಡಿ.

ಪ್ರಶ್ನೆ: ಊಟದ ಬಿಲ್ಲಿನಲ್ಲಿ 'ಕೋಪೆರ್ತೊ' ಎಂದು ಸೇರಿಸಿದ್ದರು. ಮೋಸವಲ್ಲವೇ?

ಉತ್ತರ: ಅಲ್ಲ, ಅದು ತಲೆಗಿಷ್ಟು ಎಂದು ಹಾಕುವ ಮೇಜಿನ ಶುಲ್ಕ. ಮೆನುವಿನಲ್ಲೇ ಬರೆದಿರುತ್ತದೆ, ಕೂರುವ ಮೊದಲು ಓದಿ.